ಅಪ್ಪ ಟೀ ಮಾಡಿದ ಭಾನುವಾರ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಹೊರಟರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಬಿದ್ದರೆ ತಿಳಿಯಲೆಂದು ಅವರ ಕುರ್ಚಿಯಡಿ ಅದುರಿದರೆ ನನ್ನ ಫೋನಿಗೆ ಸುದ್ದಿ ಕೊಡುವ ಸೆನ್ಸರ್, ಹಜಾರದಲ್ಲೂ ಅಡುಗೆಮನೆಯಲ್ಲೂ ಓಡಾಟ ಗುರುತಿಸುವ ಸೆನ್ಸರ್ ಹಾಕಿಸಿದ್ದು ನಿನಗೆ ಗೊತ್ತು. ಪಾರ್ಶ್ವವಾಯು ಬಡಿದು ಎಂಟು ತಿಂಗಳಾಯಿತು. ನಾನೆಷ್ಟು ಅಂಗಲಾಚಿದರೂ ಅವರು ನನ್ನ ಹೆಗಲ ಆಸರೆಯಿಲ್ಲದೆ ಒಂದು ಹೆಜ್ಜೆ ಇಟ್ಟವರಲ್ಲ.

ಮೊನ್ನೆ ಭಾನುವಾರ ನೀನು ಅವರ ಜೊತೆಗಿದ್ದೆ, ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸದಲ್ಲಿದ್ದೆ. ಫೋನ್ ಸದ್ದು ಮಾಡಿತು. ಮೊದಲು ಕುರ್ಚಿ, ಆಮೇಲೆ ಹಜಾರ, ಆಮೇಲೆ ಅಡುಗೆಮನೆ. ಗಾಬರಿಯಾಗಿ ನಿನಗೆ ಫೋನ್ ಮಾಡಿದೆ.

“ಅಪ್ಪ ನಂಗೆ ಟೀ ಮಾಡ್ತಿದಾರೆ ಕಣೇ ಅಕ್ಕ,” ಎಂದು ನೀನು ನಕ್ಕೆ.

ಆಮೇಲೆ ನಾನು ಒಬ್ಬ ಗಿರಾಕಿಯ ಕನ್ನಡಕದ ಗಾಜನ್ನು ಮೂರು ಸಲ ತಪ್ಪಾಗಿ ಕೂರಿಸಿದೆ.

ಸಂಜೆ ಅಪ್ಪನನ್ನು ಕೇಳಿದೆ, “ನಾಳೆ ನಂಗೂ ಒಂದ್ಲೋಟ ಮಾಡ್ಕೊಡ್ತೀರಾ?”

“ನೀನಿದ್ದೀಯಲ್ಲಮ್ಮ, ನಾನ್ಯಾಕೆ ಏಳ್ಬೇಕು,” ಅಂದರು.

ಸುಳ್ಳು ಹೇಳಲಾರೆ, ಹೊಟ್ಟೆ ಉರಿಯಿತು. ನೀನು ಕುಡಿದ ಲೋಟವನ್ನು ತೊಳೆಯದೆ ಎರಡು ದಿನ ಹಾಗೇ ಬಿಟ್ಟೆ.

ಆದರೆ ಹೀಗೇ ಕೂತರೆ ಕಾಲು ಪೂರ್ತಿ ಸೆಟೆದುಕೊಳ್ಳುತ್ತದೆಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಬುಧವಾರವೂ ಬಾ, ಶುಕ್ರವಾರವೂ ಬಾ. ಆ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ಈ ಲಕೋಟೆಯೊಳಗೆ ಮನೆಯ ಬೀಗದ ಕೈ ಇಟ್ಟಿದ್ದೇನೆ. ಸಕ್ಕರೆ ಡಬ್ಬಿಯನ್ನು ಅಪ್ಪನ ಕೈಗೆ ಎಟಕುವಂತೆ ಕೆಳಗಿನ ಕಪಾಟಿಗೆ ಇಳಿಸಿದ್ದೇನೆ. ಅವರು ಕೇಳಿದರೆ, ನೀನೇ ಇಳಿಸಿದ್ದು ಅನ್ನು.

ನಿನ್ನ ಮೇಲೆ ಇನ್ನೂ ಮುನಿದಿರುವ
ಅಕ್ಕ