ವಾರಗಿತ್ತಿ ಆಸ್ಪತ್ರೆಯಿಂದ ಬಂದಳು

ತಂಗೀ,

ನೀನು ಹೋಗಿ ಮೂರು ತಿಂಗಳಾಯಿತು. ಈ ಕಾಗದವನ್ನು ಯಾವ ಅಂಚೆಯವನೂ ನಿನಗೆ ತಲುಪಿಸಲಾರ. ಆದರೂ ಬರೆಯದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ. ನನ್ನ ವಾರಗಿತ್ತಿ ಇವತ್ತು ಆಸ್ಪತ್ರೆಯಿಂದ ಬಂದಳು. ನಿನಗಿದ್ದಂಥದೇ ಗಡ್ಡೆ, ಎದೆಯಲ್ಲೇ. ಕೊಯ್ದು ತೆಗೆದಿದ್ದಾರೆ.

ಆಸ್ಪತ್ರೆಯಲ್ಲಿ ಈಗ ಊರೆಲ್ಲ ಹಬ್ಬಿರುವ ಸೋಂಕಿನವರಿಗೆ ಮುಂದಿನ ಬಾಗಿಲು, ಆಪರೇಷನ್‌ನವರಿಗೆ ಹಿಂದಿನ ಕಟ್ಟಡದಲ್ಲಿ ಬೇರೆಯೇ ಬಾಗಿಲಂತೆ. ಅಲ್ಲಿಯ ನರ್ಸುಗಳು ಈಚೆ ಕಾಲಿಡುವಂತಿಲ್ಲವಂತೆ. ಮದುವಣಗಿತ್ತಿಯ ಹಾಗೆ ದಿಂಬಿಗೆ ಒರಗಿಕೊಂಡು ಹೇಳಿದ್ದೇ ಹೇಳಿದ್ದು. ನನ್ನ ಮೊಮ್ಮಕ್ಕಳೂ ಹೊಸಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವು. ನನಗೆ ಮೈಯೆಲ್ಲ ಉರಿಯಿತು.

"ಆ ಬಾಗಿಲು ಯಾವಾಗ ಮಾಡಿದರಂತೆ?" ಎಂದು ಕೇಳಿದೆ.

"ಈ ಸೋಂಕು ಶುರುವಾದಾಗಿಂದಾನೂ ಇತ್ತಂತೆ ಅಕ್ಕ. ಹೋಗ್ಬೇಡ, ಇನ್ನೊಂದು ಅಂಟಿಸ್ಕೊಂಡು ಬರ್ತೀಯ ಅಂತ ನೀವು ನಂಗೂ ಹೇಳಿದ್ರಲ್ಲ? ನಿಮ್ಮ ಮಾತು ನಾನು ಯಾವತ್ತು ಕೇಳಿದೀನಿ ಹೇಳಿ" ಎಂದು ನಕ್ಕಳು.

ನಿಜ, ಈ ಮನೆಗೆ ಬಂದಾಗಿನಿಂದ ನನ್ನ ಒಂದು ಮಾತನ್ನೂ ಕೇಳಿದವಳಲ್ಲ, ಮೊಂಡಿ. ನೀನು ಮಾತ್ರ ಚಿಕ್ಕಂದಿನಿಂದಲೂ ಅಕ್ಕ ಹೇಳಿದಳೆಂದರೆ ಮರುಮಾತಾಡಿದವಳಲ್ಲ. ಆಸ್ಪತ್ರೆಯವರು ಎರಡು ಸಲ ಫೋನು ಮಾಡಿ ಕರೆದಾಗಲೂ ನೀನು ನನ್ನ ಮುಖವನ್ನೇ ನೋಡಿದೆ.