ತುಂಗಿಗೆ ಅವ್ವ ಸಿಕ್ಕಳೇ?

ಓದುಕಟ್ಟೆ, ಮೇಲ್ಕೇರಿ, ಕಪ್ಪತಗುಡ್ಡ
ನೀರೆಣಿಕೆ ೧೪೨ನೆಯ ವರ್ಷ, ಐದನೆಯ ತಿಂಗಳ ಮೂವತ್ತೆಂಟನೆಯ ದಿನ

ಮಂ. ಕೆ. ಅವರಿಗೆ ಗುರುಬಸವ್ವನ ಶರಣು.

ಮೇಲಿನ ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ತಿಂಗಳು ಚಂದ್ರನನ್ನು ನೋಡಿ ನಡೆಯುವುದಿಲ್ಲ, ನೀರಬಂಡಿಗಳನ್ನು ನೋಡಿ ನಡೆಯುತ್ತದೆ. ಗುಡ್ಡದಿಂದ ಒಂಬತ್ತು ಎತ್ತಿನ ಬಂಡಿಗಳು ಕೆಳಗಿಳಿದು, ಹೊಳೆ ಆ ವರ್ಷ ಎಲ್ಲಿದೆಯೋ ಅಲ್ಲಿಗೆ ಹೋಗಿ, ಮರಳು ತೋಡಿ, ಒರತೆಯ ನೀರು ತುಂಬಿಸಿಕೊಂಡು ಹಿಂದಿರುಗಿದ ದಿನ ತಿಂಗಳು ಮುಗಿಯಿತು ಎಂದು ಗಂಟೆ ಬಾರಿಸುತ್ತೇವೆ. ಅದಕ್ಕೆ ಇಪ್ಪತ್ತೆಂಟು ದಿನ ಹಿಡಿಯುತ್ತದೆ, ತಡವಾದರೆ ಮೂವತ್ತು. ಈ ತಿಂಗಳು ಇನ್ನೂ ಮುಗಿದಿಲ್ಲ. ಯಾಕೆ ಎಂಬುದನ್ನು ಹೇಳುವುದಕ್ಕೇ ಈ ಕಾಗದ.

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಬರೆಯುವ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಾಲದ ಪತ್ರಿಕೆಯ ಹಾಳೆಗಳಿಂದ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಎರಡು ಗೈಡುಗಳಿಂದ. ಹಾಗಾಗಿ ಕೆಲವು ಕಡೆ ಭಾನುವಾರದ ಪುರವಣಿಯಂತೆಯೂ ಕೆಲವು ಕಡೆ ಪ್ರಶ್ನೆಪತ್ರಿಕೆಯಂತೆಯೂ ಬರೆದುಬಿಡುತ್ತೇನೆ. ಇದು ನಿಮಗೆ ತಲುಪುವುದು ಬೋರಂಚೆಯಲ್ಲಿ. ನೀವು ನೀರಿಗಾಗಿ ಸಾವಿರದೈನೂರು ಅಡಿ ಕೊರೆದು, ಸಿಗದೆ ಹಾಗೇ ಬಿಟ್ಟುಹೋದ ತೂತುಗಳು ನಮ್ಮಲ್ಲಿ ಊರ ತುಂಬ ಇವೆ. ಅವುಗಳಲ್ಲಿ ಹಾಕಿದ್ದು ಕೊರೆದವರ ಕಾಲಕ್ಕೇ ಹೋಗಿ ಬೀಳುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ನಿಮ್ಮ ಕಾಲದವರು ಉತ್ತರ ಕೊಡುವವರಲ್ಲ ಎಂದು ನಾವೇ ಸಮಾಧಾನ ಮಾಡಿಕೊಂಡಿದ್ದೇವೆ.

ನಾನು ಮೇಲ್ಕೇರಿಯ ಓದುಗಿತ್ತಿ. ಗುಡ್ಡದ ಗಾಳಿಯಂತ್ರಗಳು ಉರುಳಿಬಿದ್ದ ಮೇಲೆ ಅವುಗಳ ರೆಕ್ಕೆಗಳನ್ನು ಕಡಿದು ನಮ್ಮವರು ಮನೆ ಕಟ್ಟಿಕೊಂಡರು. ಉದ್ದಕ್ಕೆ, ಒಳಗೆ ಟೊಳ್ಳಾಗಿ, ಬೇಸಿಗೆಯಲ್ಲಿ ತಂಪಾಗಿರುವ ಮನೆಗಳು. ಅವುಗಳಲ್ಲಿ ದೊಡ್ಡದರ ಮುಂದಿನ ಕಟ್ಟೆಯೇ ಓದುಕಟ್ಟೆ. ಇಳಿಹೊತ್ತಿಗೆ ಮಕ್ಕಳು ಸಜ್ಜೆ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಬಂದು ಕೂರುತ್ತಾರೆ, ನಾನು ಓದುತ್ತೇನೆ. ಎಲ್ಲರೂ ನನ್ನನ್ನು ಆಯಿ ಎನ್ನುತ್ತಾರೆ. ನಾನು ಯಾರ ಅಜ್ಜಿಯೂ ಅಲ್ಲ. ಕೆಲಸಕ್ಕೆ ಸೇರುವ ದಿನ ಓದುಗಿತ್ತಿ ಒಂದು ಆಣೆ ಇಡಬೇಕು: ಹಾಳೆಯಲ್ಲಿ ಇದ್ದಷ್ಟೇ ಓದುತ್ತೇನೆ, ಇಲ್ಲದ್ದನ್ನು ಸೇರಿಸುವುದಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹೇಳಿ, ಯಾವುದು ನಿಜ ಎಂದು ಯಾರಿಗೂ ತಿಳಿಯದೆ, ಕೊನೆಗೆ ಯಾವ ಬಾವಿಯ ನೀರು ಕುಡಿಯಬಹುದು ಎಂಬುದೂ ಗೊತ್ತಾಗದೆ ಜನ ಸತ್ತರಂತೆ. ಅದರಿಂದ ಈ ಆಣೆ. ನಮ್ಮೂರಿನಲ್ಲಿ ಅಪ್ಪ ಅವ್ವನ ಮಾತನ್ನಾದರೂ ಮಗು ಅನುಮಾನಿಸಬಹುದು, ಕಟ್ಟೆಯ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಏನು ಓದುತ್ತೇನೆ ಎಂದು ಕೇಳುತ್ತೀರಾ? ನಿಮ್ಮನ್ನೇ. ನಿಮ್ಮ ಕಾಲದ ಒಂದೇ ಒಂದು ಮಕ್ಕಳ ಪುಸ್ತಕ ನಮಗೆ ದಕ್ಕಲಿಲ್ಲ. ದಪ್ಪ ರಟ್ಟಿನ ಗ್ರಂಥಗಳು ಉಳಿದಿವೆ, ಅಭಿನಂದನ ಗ್ರಂಥಗಳಂತೂ ರಾಶಿ ರಾಶಿ ಇವೆ. ಯಾರು ಯಾರಿಗೆ ಶಾಲು ಹೊದಿಸಿದರು ಎಂಬುದು ನಮಗೆ ಬಾಯಿಪಾಠ. ಆದರೆ ಮಗು ದೊಡ್ಡದಾಯಿತು ಎಂದ ಕೂಡಲೇ ಅದರ ಪುಸ್ತಕವನ್ನು ನೀವು ರದ್ದಿಗೆ ಹಾಕಿದಿರಿ. ಶಾಲೆಗಳಲ್ಲಿ ಮಕ್ಕಳು ಮುಟ್ಟಿದರೆ ಕೊಳೆಯಾಗುತ್ತದೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ, ಗೆದ್ದಲು ಓದಿ ಮುಗಿಸಿತು. ಉಳಿದದ್ದು ಹಾಸುಹಾಳೆಗಳು ಮಾತ್ರ. ನಿಮ್ಮ ಮನೆಗಳಲ್ಲಿ ಕಬ್ಬಿಣದ ಟ್ರಂಕಿನ ತಳಕ್ಕೆ ಹಳೆಯ ಪತ್ರಿಕೆ ಹಾಸುತ್ತಿದ್ದರಲ್ಲ, ಅವನ್ನು ನಾವು ಹಾಗೆ ಕರೆಯುತ್ತೇವೆ. ಗದಗಿನ ಕಡೆಯ ಒಂದು ಕುಸಿದ ಮನೆಯಲ್ಲಿ ಸಿಕ್ಕ ಟ್ರಂಕುಗಳ ತಳದಲ್ಲಿ ನಿಮ್ಮ ‘ಪುಟಾಣಿಗಳಿಗೆ ಹೊಸ ಪುಸ್ತಕ’ ಅಂಕಣದ ಮೂವತ್ತೊಂದು ಕಂತುಗಳಿದ್ದವು. ಪುಸ್ತಕಗಳಿಲ್ಲ, ಪುಸ್ತಕಗಳನ್ನು ಓದಿ ಎಂಬ ಶಿಫಾರಸು ಇದೆ. ಅನ್ನ ಇಲ್ಲ, ಅನ್ನ ಚೆನ್ನಾಗಿತ್ತು ಎಂಬ ಚೀಟಿ ಇದೆ.

ಆ ಚೀಟಿಯನ್ನೇ ನಾವು ಉಂಡು ಬೆಳೆದೆವು. ಪ್ರತಿ ಪುಸ್ತಕದ ಪಕ್ಕ ಹೆಬ್ಬೆರಳಿನಷ್ಟು ಕಪ್ಪು ಬಿಳುಪಿನ ಮುಖಪುಟ ಅಚ್ಚಾಗಿದೆ. ಮಕ್ಕಳು ಅದರ ಮೇಲೆ ಗಾಜು ಹಿಡಿದು, ಇದು ಆನೆಯೋ ಬಂಡೆಯೋ ಎಂದು ಒಂದು ಮಧ್ಯಾಹ್ನ ಪೂರ್ತಿ ಜಗಳವಾಡುತ್ತಾರೆ. ‘ಬಣ್ಣಬಣ್ಣದ ಚಿತ್ರಗಳು ಕಣ್ಣಿಗೆ ಹಬ್ಬ’ ಎಂದು ನೀವು ಬರೆದಿದ್ದೀರಿ. ಯಾವ ಬಣ್ಣ ಎಂದು ಬರೆಯಲಿಲ್ಲ. ‘ನಾಲ್ಕರಿಂದ ಆರು ವರ್ಷದವರಿಗೆ’, ‘ಎಂಟರಿಂದ ಹನ್ನೆರಡು ವರ್ಷದವರಿಗೆ’ ಎಂದು ಎರಡು ಭಾಗ ಮಾಡಿದಿರಿ. ನಮ್ಮ ಹಿರಿಯರು ಅದನ್ನು ಕಟ್ಟಳೆ ಎಂದು ತಿಳಿದರು. ಅದರಿಂದ ನಮ್ಮೂರಿನಲ್ಲಿ ಏಳು ವರ್ಷದ ಮಕ್ಕಳಿಗೆ ಕಥೆ ಇಲ್ಲ. ಏಳು ತುಂಬಿದವರು ಒಂದು ವರ್ಷ ಕಟ್ಟೆಯಿಂದ ಕೆಳಗೆ, ಬೆನ್ನು ತಿರುಗಿಸಿ ಕೂರಬೇಕು. ನಾನೂ ಕೂತಿದ್ದೇನೆ. ಅದು ನಿಮ್ಮ ಮರೆವೋ ಅಚ್ಚಿನ ತಪ್ಪೋ ಗೊತ್ತಿಲ್ಲ, ಆ ವರ್ಷದ ಸಿಟ್ಟು ಈ ಎಪ್ಪತ್ತರಲ್ಲೂ ಹೋಗಿಲ್ಲ.

ಇನ್ನೊಂದು ಮಾತು ನೀವು ತಪ್ಪದೆ ಬರೆಯುತ್ತಿದ್ದಿರಿ: ‘ಕೊನೆಯನ್ನು ಹೇಳಿ ಮಜಾ ಕೆಡಿಸುವುದಿಲ್ಲ, ನೀವೇ ಓದಿ.’ ಮೂವತ್ತೊಂದು ಕಂತು, ನೂರಾ ಎಪ್ಪತ್ತು ಪುಸ್ತಕ, ಎಲ್ಲದಕ್ಕೂ ಇದೇ ಮಾತು. ಮೊದಮೊದಲು ನಮ್ಮವರು ಕಥೆಗಳು ಮುಗಿಯುವುದೇ ಹೀಗೆ ಎಂದುಕೊಂಡರು. ಇವತ್ತಿಗೂ ನಾನು ಆ ಸಾಲಿಗೆ ಬಂದ ಕೂಡಲೇ ಮಕ್ಕಳು ರೊಟ್ಟಿ ಕೆಳಗಿಟ್ಟು, ಕೈ ಮುಗಿದು, ಒಟ್ಟಿಗೇ ಅದನ್ನು ಹೇಳಿ ಎದ್ದು ಹೋಗುತ್ತಾರೆ. ಕಾಡಿನಲ್ಲಿ ದಾರಿ ತಪ್ಪಿದ ಮಕ್ಕಳು ನಮ್ಮಲ್ಲಿ ನೂರು ವರ್ಷದಿಂದ ಕಾಡಿನಲ್ಲೇ ಇದ್ದಾರೆ. ಹಾಗಿರುವುದು ಸರಿಯಲ್ಲ ಎಂದು ಯಾರಿಗೂ ಅನ್ನಿಸಿರಲಿಲ್ಲ, ಹೊಳೆವ್ವನ ಹೊರತು.

ಹೊಳೆವ್ವನಿಗೆ ಹನ್ನೊಂದು ವರ್ಷ. ಅವಳ ಅವ್ವ ಕೆಂಚವ್ವ ಇಳಿಗಾರ್ತಿ, ಅಂದರೆ ನೀರಬಂಡಿಯ ಜೊತೆ ಕೆಳಗಿಳಿದು ಮರಳು ತೋಡುವವಳು. ಎರಡು ವರ್ಷದ ಹಿಂದೆ ಬಂಡಿಗಳು ಬಂದವು, ಅವಳು ಬರಲಿಲ್ಲ. ತೋಡುವಾಗ ಇದ್ದಳು, ತುಂಬುವಾಗ ಇದ್ದಳು, ಹತ್ತುವಾಗ ಇರಲಿಲ್ಲ ಎಂದರು. ಅಷ್ಟೇ ಎಂದರು. ಅಂದಿನಿಂದ ಆ ಹುಡುಗಿ ರಾತ್ರಿ ಮಲಗಲು ನನ್ನ ಮನೆಗೆ ಬರುತ್ತಿದ್ದಳು, ಹಗಲೆಲ್ಲ ಹಾಸುಹಾಳೆಗಳನ್ನು ತಿರುವುತ್ತಿದ್ದಳು. ನಿಮ್ಮ ಹತ್ತೊಂಬತ್ತನೆಯ ಕಂತನ್ನು ಅವಳು ಎಷ್ಟು ಸಲ ಓದಿಸಿಕೊಂಡಳೋ ಲೆಕ್ಕವಿಲ್ಲ. ನಿಮಗೆ ನೆನಪಿರಲಾರದು, ಅದಕ್ಕೆ ಇಲ್ಲಿ ಇಳಿಸುತ್ತೇನೆ:

‘ಟ್ಯಾಂಕರ್ ಹತ್ತಿದ ತುಂಗಿ. ಎಂಟರಿಂದ ಹನ್ನೆರಡು ವರ್ಷದವರಿಗೆ. ತುಂಗಿಯ ಅವ್ವ ನೀರು ತರಲು ಹೋದವಳು ಮರಳಲಿಲ್ಲ. ಒಂದು ದಿನ ತುಂಗಿ ಯಾರಿಗೂ ಹೇಳದೆ ನೀರಿನ ಟ್ಯಾಂಕರ್ ಹತ್ತುತ್ತಾಳೆ. ಒಂದು ಕುಂಟು ನಾಯಿ ಅವಳಿಗೆ ಜೊತೆಯಾಗುತ್ತದೆ. ತುಂಗಿಗೆ ಅವ್ವ ಸಿಕ್ಕಳೇ? ಕೊನೆಯನ್ನು ಹೇಳಿ ಮಜಾ ಕೆಡಿಸುವುದಿಲ್ಲ, ನೀವೇ ಓದಿ. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಓದಲೇಬೇಕಾದ ಪುಸ್ತಕ.’

ಹೊಳೆವ್ವ ಆ ‘ನೀವೇ ಓದಿ’ ಎಂಬ ಮಾತಿಗೆ ಕೈ ಮುಗಿಯಲಿಲ್ಲ. ಎಲ್ಲರೂ ಎದ್ದುಹೋದ ಮೇಲೂ ಕೂತಿರುತ್ತಿದ್ದಳು. ‘ನಾ ಎಲ್ಲಿಂದ ಓದ್ಲಿ ಆಯಿ, ಪುಸ್ತಕನ ಇಲ್ಲಲ್ಲ. ಇವರಿಗೆ ಗೊತ್ತಿತ್ತಲ್ಲ, ಹೇಳಿದ್ರ ಏನ ಗಂಟ ಹೋಗತಿತ್ತು?’ ಎಂದು ಕೇಳಿದಳು. ನಾನು ಗದರಿದೆ. ಹಿರಿಯರು ಬರೆದದ್ದಕ್ಕೆ ಎದುರಾಡಬಾರದು ಎಂದೆ. ಅವಳು ಸುಮ್ಮನಾಗಲಿಲ್ಲ, ಉಳಿದ ಕಂತುಗಳಲ್ಲಿ ತುಂಗಿಯನ್ನು ಹುಡುಕಿದಳು. ನೀವು ಬರೆದ ‘ವರ್ಷದ ಹತ್ತು ಉತ್ತಮ ಪುಸ್ತಕಗಳು’ ಎಂಬ ಕಂತಿನಲ್ಲಿ ಸಿಕ್ಕಳು. ಅದೇ ಟ್ಯಾಂಕರಿನ ಪುಸ್ತಕ, ಆದರೆ ಅಲ್ಲಿ ಅವಳ ಹೆಸರು ಗಂಗಿ. ನಾಯಿಯ ಜಾಗದಲ್ಲಿ ಕುಂಟು ಮೇಕೆ. ಎರಡು ದಿನ ಆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದವಳು ಮೂರನೆಯ ದಿನ ನನ್ನ ಮುಂದೆ ತಂದಿಟ್ಟು ಹೇಳಿದಳು, ‘ಇವರು ಇದನ್ನ ಓದೇ ಇಲ್ಲ ಆಯಿ.’

ಮಂ. ಕೆ. ಅವರೇ, ಅರವತ್ತು ವರ್ಷ ನಿಮ್ಮನ್ನು ಓದಿದ ನನಗೆ ಹೊಳೆಯದ್ದು ಆ ಮಗುವಿಗೆ ಹೊಳೆಯಿತು. ಆಮೇಲೆ ನಾನೂ ನೋಡಿದೆ. ನೂರಾ ಎಪ್ಪತ್ತು ಪುಸ್ತಕಗಳ ಬಗ್ಗೆ ನೀವು ಹೇಳಿದ್ದೆಲ್ಲ ಮೊದಲ ಹತ್ತು ಪುಟದಲ್ಲಿ ನಡೆಯುವ ಸಂಗತಿ, ಇಲ್ಲವೇ ಹಿಂದಿನ ರಟ್ಟಿನ ಮೇಲೆ ಅಚ್ಚಾಗಿರಬಹುದಾದ ಮಾತು. ನೀವು ಮಜಾ ಉಳಿಸುತ್ತಿರಲಿಲ್ಲ. ನಿಮಗೆ ಕೊನೆ ಗೊತ್ತಿರಲಿಲ್ಲ. ಮಕ್ಕಳ ಪುಸ್ತಕ ತಾನೇ, ಕಣ್ಣಾಡಿಸಿದರೆ ಸಾಕು ಎಂದುಕೊಂಡಿರಿ. ಹೊತ್ತು ಸಾಲದೆ ಇರಬಹುದು, ಪತ್ರಿಕೆಯವರು ಶನಿವಾರ ಫೋನು ಮಾಡಿ ಅವಸರಪಡಿಸಿರಬಹುದು. ನಿಮಗೂ ಮನೆ, ಮಕ್ಕಳು ಇದ್ದಿರಬಹುದು. ಅದೆಲ್ಲ ಇರಲಿ. ನಾವು ನಿಮ್ಮ ಮುಂದೆ ಕೈ ಮುಗಿದು ಕೂತಿದ್ದೆವು.

ಆದರೆ ಕಾಗದದ ಅರ್ಧ ಬೈಗುಳ ನನಗೂ ಸಲ್ಲಬೇಕು. ಇವರು ಓದೇ ಇಲ್ಲ ಎಂದ ಹೊಳೆವ್ವ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಳ ಮುಖ ಇಷ್ಟು ಸಣ್ಣದಾಗಿತ್ತು. ‘ಹಂಗಾರ ತುಂಗಿಗೆ ಅವ್ವ ಸಿಕ್ಕಳೋ ಇಲ್ಲೋ ಯಾರಿಗೂ ಗೊತ್ತಿಲ್ಲೇನು?’ ಎಂದಳು. ನನ್ನಿಂದ ತಡೆಯಲಾಗಲಿಲ್ಲ. ನಲವತ್ತು ವರ್ಷ ಆಣೆ ಕಾಪಾಡಿದ ನಾಲಿಗೆ ಅದು. ಹರಿದ ಒಂದು ಹಾಳೆಯನ್ನು ಕೈಗೆತ್ತಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಅಲ್ಲಿ ಇಲ್ಲದ್ದನ್ನು ಓದಿದೆ: ತುಂಗಿಗೆ ಅವ್ವ ಸಿಕ್ಕಳು. ಹೊಳೆಯ ದಂಡೆಯಲ್ಲಿ, ಒಂದು ಗುಡಿಸಲಿನ ಮುಂದೆ, ಕೊಡ ತೊಳೆಯುತ್ತಿದ್ದಳು. ತುಂಗಿ ಹೋಗಿ ಹೆಗಲು ಮುಟ್ಟಿದಳು.

ಹೊಳೆವ್ವ ಅಳಲಿಲ್ಲ, ನಗಲೂ ಇಲ್ಲ. ಹೂಂ ಎಂದಳು. ನನ್ನ ಪಾತ್ರೆಗಳನ್ನು ತಿಕ್ಕಿ ಮಗುಚಿಟ್ಟಳು. ಅಂದು ನನಗೆ ಎಂಥ ಹಗುರ ಎನ್ನಿಸಿತು ಎಂದರೆ, ಈ ಕೆಲಸವನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದುಕೊಂಡೆ. ಮರುದಿನ ಬೆಳಗ್ಗೆ ಐದನೆಯ ತಿಂಗಳು ಹುಟ್ಟಿತು, ಬಂಡಿಗಳು ಹೊರಟವು. ಗಂಟೆ ಬಾರಿಸುವ ಸಿದ್ಲಿಂಗಪ್ಪ ಮಧ್ಯಾಹ್ನ ಬಂದು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಕೊನೆಯ ಬಂಡಿಯ ಪೀಪಾಯಿಯ ಹಿಂದೆ ಅವಳು ಕೂತಿದ್ದನ್ನು ನೋಡಿ, ಇಳಿ ಎಂದನಂತೆ. ಅವಳು ಇಳಿಯದೆ ಒಂದು ಮಾತು ಹೇಳಿದಳಂತೆ.

‘ತುಂಗಿಗೆ ಸಿಕ್ಕಾಳಂದ್ರ ನನಗೂ ಸಿಗ್ತಾಳ ಕಾಕಾ. ಕಟ್ಟಿ ಆಯಿ ಓದಿ ಹೇಳ್ಯಾಳ. ಆಯಿ ಸುಳ್ಳ ಓದಂಗಿಲ್ಲ.’

ಕಟ್ಟೆಯ ಮಾತು ಎಂದ ಮೇಲೆ ಅವನು ತಡೆಯಲಿಲ್ಲ. ಯಾರೂ ತಡೆಯುತ್ತಿರಲಿಲ್ಲ. ಇವತ್ತಿಗೆ ಮೂವತ್ತೆಂಟು ದಿನವಾಯಿತು. ಊರಿನವರು ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತಿದ್ದಾರೆ, ಬೆಳಗ್ಗೆ ಎದ್ದು ಇಳಿಜಾರಿನತ್ತ ನೋಡುತ್ತಾರೆ. ನಾನು ಸುಳ್ಳು ಓದಿದೆ ಎಂದು ಇನ್ನೂ ಯಾರಿಗೂ ಹೇಳಿಲ್ಲ. ಇಳಿಹೊತ್ತಿಗೆ ಮಕ್ಕಳು ಬರುತ್ತಾರೆ, ನಾನು ಓದುತ್ತೇನೆ, ಅವರು ಕೈ ಮುಗಿಯುತ್ತಾರೆ. ಮೊನ್ನೆ ಒಬ್ಬಳು ಕೇಳಿದಳು, ತುಂಗಿಯ ಕಥೆಗೆ ಕೊನೆ ಸಿಕ್ಕಿದೆಯಂತಲ್ಲ, ನಮಗೂ ಓದು ಎಂದು. ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದೆ.

ಅದಕ್ಕೆ ನಿಮ್ಮಲ್ಲಿ ಒಂದು ಬೇಡಿಕೆ. ಆ ಪುಸ್ತಕ ನಿಮ್ಮ ಕಾಲದಲ್ಲಿ ಇನ್ನೂ ಇದೆ. ಬಹುಶಃ ನಿಮ್ಮ ಮೇಜಿನ ಮೇಲೆಯೇ, ಪ್ರಕಾಶಕರು ಕಳಿಸಿದ ಲಕೋಟೆಯಲ್ಲಿ, ಚಹಾದ ಲೋಟದ ಕೆಳಗೆ ಇದೆ. ಅದನ್ನು ತೆಗೆದು, ಕೂತು, ಕೊನೆಯ ಪುಟದವರೆಗೂ ಓದಿ. ಮಕ್ಕಳ ಪುಸ್ತಕ, ಒಂದು ಮಧ್ಯಾಹ್ನ ಸಾಕು. ಆಮೇಲೆ ಮುಂದಿನ ಭಾನುವಾರದ ಅಂಕಣದಲ್ಲಿ, ಸಂಪಾದಕರು ಏನೇ ಅನ್ನಲಿ, ತುಂಗಿಗೆ ಅವ್ವ ಸಿಕ್ಕಳೋ ಇಲ್ಲವೋ ಎಂದು ಬರೆಯಿರಿ. ಸಿಗಲಿಲ್ಲ ಎಂದಿದ್ದರೆ ಹಾಗೆಯೇ ಬರೆಯಿರಿ. ನಿಮ್ಮ ಮೇಲಾಣೆ, ಚೆಂದ ಮಾಡಲು ಹೋಗಬೇಡಿ. ಅಂಥದ್ದೊಂದು ಹಾಳೆ ನಮ್ಮಲ್ಲಿದ್ದಿದ್ದರೆ ನಾನು ಅದನ್ನು ಇದ್ದ ಹಾಗೇ ಓದುತ್ತಿದ್ದೆ. ಆ ಮಗು ಒಂದು ವಾರ ಅತ್ತು, ನನ್ನ ಪಕ್ಕದಲ್ಲೇ ಮಲಗಿರುತ್ತಿತ್ತು. ಸಿಕ್ಕಳು ಎಂದಿದ್ದರೆ, ನಾನು ಓದಿದ್ದು ಸುಳ್ಳಲ್ಲ, ಸ್ವಲ್ಪ ಮುಂಚೆ ಓದಿದೆ ಅಷ್ಟೇ ಎಂದು ಉಳಿದ ದಿನಗಳನ್ನು ಕಳೆಯುತ್ತೇನೆ.

ಅದೇ ಗದಗಿನ ಮನೆಯ ಟ್ರಂಕುಗಳಲ್ಲಿ ಒಂದನ್ನು ನಾವಿನ್ನೂ ತೆರೆದಿಲ್ಲ. ತುಕ್ಕು ಹಿಡಿದು ಮುಚ್ಚಳ ಕಚ್ಚಿಕೊಂಡಿದೆ. ಸಿದ್ಲಿಂಗಪ್ಪ ಹಾರೆ ತಂದು ನಿಂತಿದ್ದ, ನಾನೇ ಬೇಡ ಎಂದೆ. ಈ ಕಾಗದ ಬೋರಿಗೆ ಬಿದ್ದು, ನೀವು ಓದಿ, ಬರೆದು, ಅಚ್ಚಾಗಿ, ಯಾವುದೋ ಹೆಂಗಸು ಆ ಭಾನುವಾರದ ಪತ್ರಿಕೆಯನ್ನು ಮಡಚಿ ಅದರ ತಳಕ್ಕೆ ಹಾಸುವಷ್ಟು ಹೊತ್ತು ಕೊಡಬೇಕಲ್ಲ. ನಾಳೆ ಇಳಿಹೊತ್ತಿಗೆ ಮಕ್ಕಳ ಎದುರೇ ತೆರೆಯುತ್ತೇನೆ. ಏಳು ವರ್ಷದವರನ್ನೂ ಮೇಲೆ ಕರೆದು ಕೂರಿಸಿಕೊಳ್ಳುತ್ತೇನೆ. ತಳದಲ್ಲಿ ಏನಿದೆಯೋ ಅದನ್ನೇ ಓದುತ್ತೇನೆ. ಏನೂ ಇಲ್ಲದಿದ್ದರೆ, ನಾನು ಮಾಡಿದ್ದನ್ನು ಅವರ ಮುಂದೆ ಹೇಳಿ ಕಟ್ಟೆಯಿಂದ ಇಳಿಯುತ್ತೇನೆ.

ಬಂಡಿಗಳು ಬರದಿದ್ದರೆ ನಾಳೆ ಈ ತಿಂಗಳ ಮೂವತ್ತೊಂಬತ್ತನೆಯ ದಿನ.

ಗುರುಬಸವ್ವ