ಆರು ಲ್ಯಾಪ್‌ಟಾಪ್, ಒಂದು ವೈಫೈ

ಜೂನ್ 9, ಸೋಮವಾರ. ಸಂಜೆ 6.30

ಆರನೇ ಲ್ಯಾಪ್‌ಟಾಪಿಗೂ ವಿಂಡೋಸ್ ತೆಗೆದು ಲಿನಕ್ಸ್ ಹಾಕಿ ಮುಗೀತು. ಹೆಬ್ಬಾಳದ ಕಂಪನಿಯೊಂದು ಬೇಡ ಅಂತ ಕೊಟ್ಟವು. ವಿಂಡೋಸ್‌ನಲ್ಲಿ ತೆವಳ್ತಿದ್ದವು, ಈಗ ಅರ್ಧ ನಿಮಿಷಕ್ಕೆ ಆನ್.

ಆದ್ರೆ ವೈಫೈ ಇಲ್ಲ. ಒಂದರಲ್ಲೂ. ಕೇಬಲ್ ಹಾಕೋಕೆ ಜಾಗಾನೂ ಇಲ್ಲ ಇವಕ್ಕೆ. ನೆಟ್ ಇಲ್ದೆ ಕಂಪ್ಯೂಟರ್ ಕ್ಲಾಸಿಗೆ ಬರೋ ಹೆಂಗಸರಿಗೆ ಏನು ಕಲಿಸಲಿ — ಈಮೇಲು, ಅರ್ಜಿ, ಎಲ್ಲ ಆನ್‌ಲೈನು.

ಸಮುದಾಯ ಭವನದ ಕಾರ್ಯದರ್ಶಿ ವಾಗೀಶ ಬಾಗಿಲಲ್ಲೇ ನಿಂತು ನೋಡಿದ್ರು. "ಶನಿವಾರದವರೆಗೆ ಟೈಮು, ಮರ್ಲಿನ್ ಮೇಡಂ. ಆಗ್ಲಿಲ್ಲ ಅಂದ್ರೆ ಎಲ್ಲ ಗುಜರಿಗೆ. ರೂಮ್ ಬೇಕು ನಮಗೆ."

ಜೂನ್ 10. ಬೆಳಗ್ಗೆ 5.40

ವೈಫೈ ಚಿಪ್ಪಿನ ನಂಬರ್ ಸಿಕ್ತು. ಲಿನಕ್ಸಿಗೆ ಅಂತ ಚಿಪ್ ಕಂಪನಿ ಡ್ರೈವರ್ — ಚಿಪ್ಪನ್ನ ನಡೆಸೋ ಪ್ರೋಗ್ರಾಮು — ಮಾಡೇ ಇಲ್ಲ. ಆದ್ರೆ ಯಾರೋ ಪುಣ್ಯಾತ್ಮ ತಾನೇ ಬರೆದು ನೆಟ್‌ನಲ್ಲಿ ಹಾಕಿದ್ದಾನೆ! ಮೂರು ವರ್ಷ ಹಳೇದು... ಇರಲಿ. ಲ್ಯಾಪ್‌ಟಾಪಿಗೆ ಫೋನ್ ಸಿಕ್ಕಿಸಿ, ಅದರ ನೆಟ್‌ನಲ್ಲಿ ಇಳಿಸ್ಕೊಂಡೆ. ಕಾಫಿ ಆರಿಹೋಗಿದೆ. ಫ್ಯಾಕ್ಟರಿಯ ಫಸ್ಟ್ ಶಿಫ್ಟ್ ಬಸ್ ಬರೋ ಹೊತ್ತು.

ಜೂನ್ 12. ಸಂಜೆ 7

ಎರಡು ದಿನ ಬರೀ ಎರರ್. ಹಳೇ ಡ್ರೈವರ್, ಹೊಸ ಲಿನಕ್ಸ್ — ಹೊಂದಲ್ಲ. ಕೊನೆಗೆ ಮೂರು ಸಾಲು ತಿದ್ದಿದೆ. ಇವತ್ತು ಸಲೀಸಾಗಿ ತಯಾರಾಯ್ತು. ಲೋಡ್ ಮಾಡಿದ್ರೆ ಮಾತ್ರ ಒಂದು ಸಾಲು ತೋರಿಸಿ ನಿಂತ್ಬಿಡ್ತು. ಮತ್ತೆ ತಿದ್ದೋಕೆ ಕೂತೆ.

ಪಕ್ಕದಲ್ಲಿ ಸೋಮಮ್ಮ. ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿ, ಐವತ್ಮೂರು ವಯಸ್ಸು, ಕ್ಲಾಸಿಗೆ ಎಲ್ಲರಿಗಿಂತ ಮೊದಲು ಬರೋರು. ಸ್ಕ್ರೀನಲ್ಲಿದ್ದ ಆ ಸಾಲಿನ ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿದ್ರು.

"ಕೆ, ಇ, ವೈ. ಕೀ ಅಲ್ವೇನಮ್ಮ?"

"ಹೂಂ. ಕೀ ಇಲ್ಲ ಅಂತಿದೆ."

"ಅಂಗಾದ್ರೆ ನಿನ್ ಡ್ರೈವರು ಸರಿಯಾಗೇ ಅವ್ನೆ ಕಣಮ್ಮ. ಗೇಟಲ್ಲಿ ನಿಲ್ಸವ್ರೆ. ಪಾಸ್ ಇಲ್ದಿದ್ರೆ ನಾನೂ ಬುಡಕಿಲ್ಲ, ಎಷ್ಟೇ ಒಳ್ಳೇವ್ನಾಗ್ಲಿ."

ಕೈ ಕೀಬೋರ್ಡ್ ಮೇಲೇ ನಿಂತ್ಹೋಯ್ತು. ಸೆಕ್ಯೂರ್ ಬೂಟ್ — ಕೀ ಬಳಸಿ ಸಹಿ ಮಾಡದ ಡ್ರೈವರನ್ನ ತಡೆಯೋ ಸೆಟ್ಟಿಂಗು. ಅದನ್ನ ನೋಡೇ ಇರ್ಲಿಲ್ಲ ನಾನು. ರೀಸ್ಟಾರ್ಟ್, ಆ ಸೆಟ್ಟಿಂಗ್ ಆಫ್, ಮತ್ತೆ ಲೋಡ್.

ಮೂಲೇಲಿ ವೈಫೈ ಚಿಹ್ನೆ. ಭವನದ ನೆಟ್, ಎದುರು ಬೇಕರಿಯದು, ಯಾರ್ಯಾರದೋ ಮನೆಯವು — ಹನ್ನೊಂದು ಹೆಸರು. ಸೋಮಮ್ಮನ ಕೈ ಹಿಡಿದು ಕುಣಿದುಬಿಟ್ಟೆ. ಅವರ ಟೋಪಿ ಬಿತ್ತು. ಅವರೂ ನಿಲ್ಲಿಸ್ಲಿಲ್ಲ.

ಜೂನ್ 14, ಶನಿವಾರ. ಸಂಜೆ 5.15

ಆರೂ ರೆಡಿ. ಆರು ಹೆಂಗಸರು, ಟಕಟಕ ಸದ್ದು. ಸೋಮಮ್ಮ ಹೆಡ್ ಗಾರ್ಡ್ ಕೆಲಸ ಕೇಳಿ ಫ್ಯಾಕ್ಟರಿಗೆ ಈಮೇಲ್ ಕಳಿಸಿದ್ರು. ಎಷ್ಟೋ ವರ್ಷದಿಂದ ಕೇಳ್ಬೇಕು ಅಂತಿದ್ರಂತೆ. ಟೈಪ್ ಮಾಡಿದ್ದೂ ಅವರೇ, ಇಪ್ಪತ್ತೈದು ನಿಮಿಷ.

ವಾಗೀಶ ಬಂದು ಒಂದೊಂದು ಸ್ಕ್ರೀನಿಗೂ ಬಗ್ಗಿ ನೋಡಿದ್ರು. ಗುಜರಿಯವನಿಗೆ ಫೋನ್ ಮಾಡಿ "ಬರ್ಬೇಡಪ್ಪ" ಅಂದ್ರು. ಆಮೇಲೆ ಮೆಲ್ಲಗೆ, "ಮೇಡಂ, ನಮ್ಮನೆಯವ್ರಿಗೂ ಒಂದು ಸೀಟ್ ಸಿಗುತ್ತಾ?"

"ಆರೂ ಫುಲ್ ಸರ್."

"ಏಳನೇದು ತರಿಸ್ತೀನಿ ಬಿಡಿ."

ಯಾವ ಚಿಪ್ಪಿರೋದು ಅಂತ ಕೇಳೋಷ್ಟರಲ್ಲಿ ಗಾಡಿ ಹತ್ತಿ ಹೋಗಿದ್ರು.

ಸೋಮಮ್ಮ ಕರೀತಿದ್ದಾರೆ. ಉತ್ತರ ಬಂದಿದೆಯಂತೆ. ನೀನು ಓದ್ಬೇಡ, ನಾನೇ ಓದ್ತೀನಿ, ಸುಮ್ನೆ ಪಕ್ಕ ನಿಂತ್ಕೋ ಅಂತ. ಕ್ಲಾಸ್ ಪೂರ್ತಿ ಎದ್ದು ಅಲ್ಲಿಗೇ ಹೋಗ್ತಿದೆ. ನಾನೂ —